ನಮ್ಮ ಹಳೇ ಡೆಸ್ಕ್‌ಟಾಪ್‌ಗೆ ಬಂದದ್ದು ವೈರಸ್ ಅಲ್ಲ

ನಮ್ಮ ಮನೆ ಹುಬ್ಬಳ್ಳಿಯಲ್ಲಿ, ರಸ್ತೆಗೆ ಅಂಟಿಕೊಂಡೇ ಇದೆ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆ ಬೆರಳಿನಿಂದ ಹೆಸರು ಬರೆಯಬಹುದು, ಅಷ್ಟು ಧೂಳು. ಹೋದ ವರ್ಷ ಏಪ್ರಿಲ್‌ನಲ್ಲಿ ಡೆಸ್ಕ್‌ಟಾಪ್ ಕೈಕೊಡಲು ಶುರುಮಾಡಿತು. ಬೆಳಿಗ್ಗೆ ಏನೂ ತೊಂದರೆಯಿಲ್ಲ. ಮಧ್ಯಾಹ್ನ ಮಗಳು ವಿಡಿಯೊ ಪಾಠಕ್ಕೆ ಕೂತ ಅರ್ಧ ಗಂಟೆಗೆ ಫ್ಯಾನ್ ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು, ಆಮೇಲೆ ತಾನೇ ಆಫ್.

ಅಂಗಡಿಯವರನ್ನು ಕೇಳಿದೆ. ‘ವೈರಸ್ ಬಂದೈತ್ರಿ ಸರ, ಫಾರ್ಮ್ಯಾಟ್ ಹೊಡಿಬೇಕ್ರಿ’ ಎಂದರು. ಮಧ್ಯಾಹ್ನವೇ ನೋಡಿಕೊಂಡು ಬರುವ ವೈರಸ್ ಯಾವುದಪ್ಪಾ?

ಮುಂದಿನ ಸಲ ಆಫ್ ಆದ ಕೂಡಲೇ ಮತ್ತೆ ಆನ್ ಮಾಡಿ, ಡಿಲೀಟ್ ಕೀ ಒತ್ತಿ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ಸ್ ಪರದೆಗೆ, ಹೋದೆ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ 88 ಡಿಗ್ರಿ! ಕೆಲಸವಿಲ್ಲದೆ ಅದು ಸುಮ್ನೆ ಕೂತಾಗ 50ರ ಆಸುಪಾಸು ಇದ್ದರೆ ಸಾಕು. ಬಿಸಿ ಜಾಸ್ತಿಯಾದರೆ ಪ್ರೊಸೆಸರ್ ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗದಂತೆ ಕಂಪ್ಯೂಟರೇ ನಿಂತುಬಿಡುತ್ತದೆ.

ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಪಕ್ಕದ ತಗಡು ಬಿಚ್ಚಿದೆ. ಫ್ಯಾನ್‌ಗೂ ಅದರ ಕೆಳಗೆ ಪ್ರೊಸೆಸರ್‌ನ ಬಿಸಿ ಹೀರುವ ಅಲ್ಯೂಮಿನಿಯಂ ಹೀಟ್‌ಸಿಂಕ್‌ಗೂ ನಡುವೆ ಧೂಳು ಕಂಬಳಿಯಂತೆ ಕೂತಿತ್ತು. ಹಿಂದಿನ ಜಾಲರಿಯಲ್ಲಿ ಒಣಗಿದ ಚೆಂಡು ಹೂವಿನ ಎಸಳುಗಳು. ಪ್ರತಿ ವರ್ಷ ಖಂಡೇ ಪೂಜೆಗೆ ಹೊರಗಡೆ ಒರೆಸಿ ಕುಂಕುಮ ಹಚ್ಚಿದ್ದೇ ಹಚ್ಚಿದ್ದು, ಒಳಗೆ ಒಮ್ಮೆಯೂ ಇಣುಕಿರಲಿಲ್ಲ.

ಹೊಸ ಪೇಂಟ್ ಬ್ರಶ್‌ನಿಂದ ಧೂಳು ಸಡಿಲಿಸಿ, ಬ್ಲೋವರ್ ಹಿಡಿದೆ. ಗಾಳಿ ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಬೇಕು, ಇಲ್ಲದಿದ್ದರೆ ಗಾಳಿಯ ರಭಸಕ್ಕೆ ಅದರ ಬೇರಿಂಗ್ ಹಾಳಾದೀತು. ಹೀಟ್‌ಸಿಂಕ್ ಸಮೇತ ಫ್ಯಾನ್ ಕಳಚಿದಾಗ, ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸಲು ಪ್ರೊಸೆಸರ್ ಮೇಲೆ ಹಚ್ಚಿದ್ದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಅದನ್ನು ಒರೆಸಿ, ಹೊಸ ಪೇಸ್ಟ್ ತೊಗರಿ ಕಾಳಿನಷ್ಟು ಇಟ್ಟೆ. ಜಾಸ್ತಿ ಹಾಕಿದರೆ ಏನೂ ಲಾಭವಿಲ್ಲ, ಪಕ್ಕಕ್ಕೆ ಸೋರುತ್ತದೆ ಅಷ್ಟೇ.

ಫ್ಯಾನ್ ಕೂರಿಸುವಾಗ ನಾನು ಎಡವಿದೆ. ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಸರಿಯಾಗಿ ಒಳಗೆ ಹೋಗಿರಲಿಲ್ಲ. ಆನ್ ಮಾಡಿದರೆ ಬಿಸಿ ಮೊದಲಿಗಿಂತ ಬೇಗ ಏರಿತು. ಮತ್ತೆ ಬಿಚ್ಚಿ, ಮತ್ತೆ ಒರೆಸಿ, ಮತ್ತೆ ಪೇಸ್ಟ್. ಈ ಸಲ ಎದುರುಬದುರು ಮೂಲೆಯ ಪಿನ್‌ಗಳನ್ನು ಜೋಡಿಯಾಗಿ, ಟಕ್ ಅನ್ನುವವರೆಗೆ ಒತ್ತಿದೆ. 46 ಡಿಗ್ರಿಗೆ ನಿಂತಿತು.

ಅದೇ ಹುರುಪಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಆನ್ ಆಗುವಾಗಲೇ ಓಡುತ್ತಿದ್ದ ಬೇಡದ ಹನ್ನೊಂದು ಪ್ರೋಗ್ರಾಂ ನಿಲ್ಲಿಸಿದೆ. ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿದ್ದು ಆಮೇಲಿನ ತಿಂಗಳು. ಫೋಟೊಗಳನ್ನು ಮೊದಲೇ ಬೇರೆ ಡಿಸ್ಕ್‌ಗೆ ತೆಗೆದಿಟ್ಟಿದ್ದೆ.

ಈ ಮಹಾನವಮಿಗೆ ಹಿಂದಿನ ದಿನವೇ ತಗಡು ಬಿಚ್ಚಿ ಧೂಳು ಹೊಡೆದೆ. ಮನೆಯವಳು ಹೂವು ತಂದಳು. ‘ಅದನ್ನ ಕೀಬೋರ್ಡ್ ಮುಂದ ಇಡು, ಡಬ್ಬಿ ಮ್ಯಾಲ ಬ್ಯಾಡ’ ಎಂದೆ.