ಚರ್ಚಿನಲ್ಲಿ ಪೇಟಿ ಬಾರಿಸುವವರ ಕೆಲಸ: ನನ್ನ ಅನುಭವ

ನಮ್ಮ ಗದಗ-ಬೆಟಗೇರಿ ಕಡೆ ಹಾರ್ಮೋನಿಯಂಗೆ ಪೇಟಿ ಅಂತಾರೆ. ವಾರವೆಲ್ಲ ಶಾಲೆಯಲ್ಲಿ ಪಾಠ ಮಾಡುವ ನಾನು ರವಿವಾರ ಬಂದರೆ ಚರ್ಚಿನಲ್ಲಿ ಪೇಟಿಗೆ ಕೂರುತ್ತೇನೆ. ಹಾಡು ಆರಿಸುವುದು, ಗಾಯನ ಮಂಡಳಿಗೆ ತಾಲೀಮು ಕೊಡುವುದು, ತಬಲಾದವರನ್ನು ಹೊಂದಿಸುವುದು, ಎಲ್ಲ ನನ್ನ ಮೇಲೆಯೇ ಇದೆ. ಹುಬ್ಬಳ್ಳಿ, ಹಾವೇರಿ ಕಡೆಯ ಚರ್ಚುಗಳ ಹುಡುಗರು ಆಗಾಗ ಫೋನ್ ಮಾಡುತ್ತಾರೆ. ಯಾವ ಕೀಬೋರ್ಡ್ ತಗೋಬೇಕು, ಎಷ್ಟು ದೊಡ್ಡ ಸ್ಪೀಕರ್ ಬೇಕು ಅಂತ ಕೇಳುತ್ತಾರೆ. ನಾನು ಮೊದಲು ಕೇಳುವುದು ಒಂದೇ: ನಿಮ್ಮ ಸಭೆ ಹಾಡುತ್ತಾ?

ಅಂದರೆ, ಕೊನೆಯ ಬೆಂಚಿನಲ್ಲಿ ಕೂತವರ ದನಿ ನಿಮಗೆ ಕೇಳುತ್ತಾ ಅಂತ. ಮುಂದೆ ನಿಂತ ನಾಲ್ಕು ಜನ ಚೆಂದ ಹಾಡಿ, ಉಳಿದವರು ಕೇಳಿಸಿಕೊಂಡು ಮನೆಗೆ ಹೋದರೆ ಅದು ಸಂಗೀತ ಕಚೇರಿ. ಗದಗಿನಲ್ಲಿ ಇದ್ದುಕೊಂಡು ಕಚೇರಿ ಬೇಡ ಅನ್ನೋಕಾಗುತ್ತಾ? ಆದರೆ ಅದರ ಜಾಗ ಬೇರೆ. ಆರಾಧನೆಯಲ್ಲಿ ಹಾಡುವವರು ಸಭೆಯವರು. ಪೇಟಿ, ತಬಲಾ, ಗಾಯನ ಮಂಡಳಿ ಎಲ್ಲ ಅವರ ದನಿ ಎಬ್ಬಿಸುವುದಕ್ಕೆ ಇರುವುದು.

ಇದು ಬರೀ ನನ್ನ ಹಟ ಅಲ್ಲ. ನಮ್ಮ ಸಭೆಗಳು ಹುಟ್ಟಿದ್ದೇ ಹೀಗೆ. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಮ್ಮ ಬೆಟಗೇರಿ. ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯ ಆ ಜನರ ಜೊತೆ ಅವರ ಹಾಡಿನ ರೂಢಿಯೂ ಬಂತು. ಆ ರೂಢಿಯ ಬೇರು ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಅವರಲ್ಲಿದೆ. ಅವರಿಗಿಂತ ಮೊದಲು ಪಶ್ಚಿಮ ಯುರೋಪಿನ ಚರ್ಚುಗಳಲ್ಲಿ ಪೂಜೆಯ ಹಾಡು ಹೆಚ್ಚಾಗಿ ಲ್ಯಾಟಿನ್‌ನಲ್ಲಿ ಇರುತ್ತಿತ್ತು. ಹಾಡುವವರು ಪಾದ್ರಿಗಳು ಮತ್ತು ಗಾಯಕರು. ಲೂಥರ್ ಜನರ ಮಾತಿನಲ್ಲೇ ಹಾಡು ಬರೆದು ಜನರ ಬಾಯಿಗೆ ಕೊಟ್ಟರು. 1524ರಲ್ಲಿ ಬಂದ ಮೊದಲ ಚಿಕ್ಕ ಪುಸ್ತಕದಲ್ಲಿ ಇದ್ದದ್ದು 8 ಹಾಡು, ಅದರಲ್ಲಿ 4 ಅವರವೇ. ಕ್ಯಾಥೊಲಿಕರಲ್ಲೂ 1963ರ ವ್ಯಾಟಿಕನ್ ಮಹಾಸಭೆಯ (ಬಿಷಪ್‌ಗಳ ಸಭೆ) ತೀರ್ಮಾನದಲ್ಲಿ ಜನ ಹಾಡಿನಲ್ಲಿ ಪಾಲು ತಗೋಬೇಕು ಅನ್ನುವ ಮಾತು ಸ್ಪಷ್ಟವಾಗಿದೆ. ಆಯಾ ನಾಡಿನ ಸಂಗೀತಕ್ಕೆ ಪೂಜೆಯಲ್ಲಿ ಜಾಗ ಕೊಡಬೇಕು ಅಂತಲೂ ಇದೆ.

ಈಗ ಕೆಲಸದ ಮಾತಿಗೆ ಬರೋಣ. ಸಭೆ ಬಾಯಿ ಮುಚ್ಚುವುದಕ್ಕೆ ಮೊದಲ ಕಾರಣ ಪಟ್ಟಿ, ಅಂದರೆ ಹಾಡಿನ ಸಾ ಪೇಟಿಯ ಯಾವ ಮನೆಯಲ್ಲಿ ಇಡುತ್ತೇವೆ ಅನ್ನುವುದು.

ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಗವಾಯಿಗಳೊಬ್ಬರು ನನಗೆ ಪೇಟಿ ಕಲಿಸಿದರು. ಹಿಂದೂಸ್ತಾನಿಯಲ್ಲಿ ಗಾಯಕರು ಬಂದು ಕೂತ ಕೂಡಲೇ ಕೇಳುವುದು, "ನಿಮ್ಮ ಪಟ್ಟಿ ಯಾವುದ್ರಿ?" ಅಂತ. ಕರಿ 1 (ಸಪ್ತಕದ ಮೊದಲ ಕರಿ ಮನೆ) ಅಂದರೆ ಮುಗೀತು, ರಾಗ ಯಾವುದೇ ಇರಲಿ, ಅವರ ಸಾ ಅಲ್ಲೇ. ಸಭೆಗೆ ಹಾಗೆ ಒಂದು ಸಾ ಇಲ್ಲ. ಅಲ್ಲಿ ಅಜ್ಜ ಇರುತ್ತಾರೆ, ದನಿ ಒಡೆಯುತ್ತಿರುವ ಹುಡುಗ ಇರುತ್ತಾನೆ, ನೆಗಡಿಯಾದ ಅಕ್ಕ ಇರುತ್ತಾಳೆ. ಅವರೆಲ್ಲರಿಗೂ ಇರುವುದು ಮೇಲೆ ಒಂದು ಗೆರೆ. ಅದನ್ನು ದಾಟಿದರೆ ದನಿ ನಿಲ್ಲುತ್ತದೆ.

ನಮ್ಮ ಸಭೆಯಲ್ಲಿ ಆ ಗೆರೆ ಮೇಲಿನ ಬಿಳಿ 2. ಪಾಶ್ಚಾತ್ಯ ಹೆಸರಿನಲ್ಲಿ ಡಿ. ಹೆಂಗಸರು ಅಲ್ಲಿ ಹಾಡಿದರೆ ಗಂಡಸರು ಒಂದು ಸಪ್ತಕ ಕೆಳಗೆ ಹಾಡುತ್ತಾರೆ. ಇಬ್ಬರಿಗೂ ಅದು ದಾಟದ ಹಾಗಿದ್ದರೆ ಬಹುತೇಕ ಎಲ್ಲರೂ ಹಾಡುತ್ತಾರೆ. ಬೆಳಗಿನ ಆರಾಧನೆಗೆ ಇನ್ನೂ ಒಂದು ಸ್ವರ ಇಳಿಸಿ ಬಿಳಿ 1ಕ್ಕೆ ನಿಲ್ಲಿಸುತ್ತೇನೆ. ಎದ್ದು ಬಂದ ಗಂಟಲು ಇನ್ನೂ ಬಿಸಿಯಾಗಿರುವುದಿಲ್ಲ, ಅಲ್ವಾ?

ಆದ್ದರಿಂದ ನಾನು ಸಾ ನೋಡಿ ಪಟ್ಟಿ ಇಡುವುದಿಲ್ಲ. ಹಾಡು ಎಲ್ಲಿಯ ತನಕ ಏರುತ್ತದೆ ಅಂತ ನೋಡಿ ಇಡುತ್ತೇನೆ. ಬೈಬಲಿನ 46ನೇ ಕೀರ್ತನೆಯನ್ನು ಆಧರಿಸಿ ಲೂಥರ್ ಬರೆದ ಹಾಡು ತಗೊಳ್ಳಿ. ಅದರ ಮೊದಲ ಮೂರು ಸ್ವರವೂ ಮೇಲಿನ ಸಾ. ಬಾಯಿ ತೆರೆದ ಕೂಡಲೇ ತುದಿ. ಅಲ್ಲಿಂದ ಇಳಿದು ಸಾಲಿನ ಕೊನೆಗೆ ಕೆಳಗಿನ ಸಾಗೆ ಬರುತ್ತದೆ. ಹಾಗಾಗಿ ಬಿಳಿ 2ರಲ್ಲಿ ಸಾ ಇಟ್ಟರೆ ಸರಿಯಾಗಿ ಗೆರೆಯ ಮೇಲೆ ನಿಲ್ಲುತ್ತದೆ. ಇನ್ನೊಂದು ಕಡೆ 1551ರ ಜಿನೀವಾ ಕೀರ್ತನೆ ಪುಸ್ತಕದಿಂದ ಬಂದ ಧಾಟಿ ಒಂದಿದೆ. ಓಲ್ಡ್ ಹಂಡ್ರೆಡ್ತ್ ಅಂತ ಕರೆಯುತ್ತಾರೆ. ತ್ರಿಯೇಕ ದೇವರ ಸ್ತುತಿಗೆ ಜಗತ್ತಿನ ಎಷ್ಟೋ ಸಭೆಗಳು ಅದನ್ನೇ ಹಾಡುತ್ತವೆ. ಅದು ಕೆಳಗಿನ ಪಾದಿಂದ ಮೇಲಿನ ಪಾ ತನಕ ಓಡಾಡುತ್ತದೆ, ಸಾ ನಡುವೆ ಇದೆ. ಅದಕ್ಕೆ ಬಿಳಿ 2ರಲ್ಲಿ ಸಾ ಇಟ್ಟರೆ ಸಭೆಗೆ ಸುಮ್ನೆ ಗೊಣಗಿದ ಹಾಗಾಗುತ್ತದೆ. ಬಿಳಿ 5ರಲ್ಲಿ ಇಟ್ಟರೆ ತುದಿ ಮತ್ತೆ ಅದೇ ಮೇಲಿನ ಬಿಳಿ 2ಕ್ಕೆ ಬರುತ್ತದೆ. ಎರಡು ಹಾಡು, ಎರಡು ಬೇರೆ ಸಾ, ಗೆರೆ ಮಾತ್ರ ಒಂದೇ. ಹಿಂದೂಸ್ತಾನಿ ಕಲಿತವರಿಗೆ ಇದು ಒಗ್ಗಲು ಸ್ವಲ್ಪ ದಿನ ಬೇಕು. ಕೀಬೋರ್ಡಿನ ಹುಡುಗರಿಗೆ ಟ್ರಾನ್ಸ್‌ಪೋಸ್ ಗುಂಡಿ ಇದೆ, ಒತ್ತಿದರೆ ಆಯ್ತು. ಆದರೆ ಎಷ್ಟು ಒತ್ತಬೇಕು ಅನ್ನುವುದನ್ನು ಸಭೆಯ ಗಂಟಲೇ ಹೇಳಬೇಕು.

ನನಗೆ ಹೇಳುವವರು ಮೂರನೇ ಬೆಂಚಿನ ಅಜ್ಜಿಯೊಬ್ಬರು. ಆರಾಧನೆ ಮುಗಿದ ಮೇಲೆ ಕೈ ಹಿಡಿದು ನಿಲ್ಲಿಸುತ್ತಾರೆ. "ಅಕ್ಕೋರ, ಕಾಣಿಕಿ ಹಾಡು ಭಾಳ ಮ್ಯಾಲ ಹೋತ್ರೀ, ನಮ್ಮ ದನಿ ಅಲ್ಲಿಗಿ ಮುಟ್ಟೂದಿಲ್ಲ." ಮನೆಗೆ ಹೋಗಿ ನನ್ನ ವಹಿಯಲ್ಲಿ ಆ ಹಾಡಿನ ಮುಂದೆ ಒಂದು ಪಟ್ಟಿ ಕೆಳಗೆ ಅಂತ ಬರೆದುಕೊಳ್ಳುತ್ತೇನೆ.

ಎರಡನೇ ಕಾರಣ ಉಸಿರು. ಮೊದಲ ಸಾಲನ್ನು ಪೂರ್ತಿ ಬಾರಿಸಿ, ಸಾ ಹಿಡಿದು, ಒಂದು ಉಸಿರಿನಷ್ಟು ಬಿಟ್ಟು ಎತ್ತುಗಡೆ ಮಾಡಬೇಕು. ಅಷ್ಟರಲ್ಲಿ ಜನ ಪುಸ್ತಕದ ಪುಟ ಹುಡುಕಿರುತ್ತಾರೆ, ಕನ್ನಡಕ ಹಾಕಿರುತ್ತಾರೆ. ಪ್ರತಿ ಸಾಲಿನ ಕೊನೆಯಲ್ಲೂ ಬೆರಳು ಎತ್ತುತ್ತೇನೆ. ಪೇಟಿ ನಿಂತ ಆ ಚಿಕ್ಕ ಜಾಗದಲ್ಲಿ ಸಭೆ ಉಸಿರು ತಗೊಳ್ಳುತ್ತದೆ. ಅಲ್ಲಿ ಹರಕತ್ತು, ತಾನ್‌ನಂಥ ಅಲಂಕಾರ ತುಂಬಿಸುವ ಆಸೆ ಕೈಗೆ ಬರುತ್ತದೆ. ತುಂಬಿಸಬಾರದು. ಎರಡನೇ ಚರಣಕ್ಕೆ ಸಭೆ ಹಿಡಿತಕ್ಕೆ ಬಂದ ಮೇಲೆ ಪೇಟಿಯ ದನಿ ಇಳಿಸುತ್ತೇನೆ. ಕೆಲವೊಮ್ಮೆ ಒಂದು ಚರಣ ಪೂರ್ತಿ ಬಿಟ್ಟೇ ಬಿಡುತ್ತೇನೆ. ಆಗ ಜನಕ್ಕೆ ತಮ್ಮ ದನಿ ತಮಗೇ ಕೇಳುತ್ತದೆ. ಆಮೇಲಿನ ಚರಣ ಹೇಗೆ ಏಳುತ್ತದೆ ಅಂತ ಒಮ್ಮೆ ಮಾಡಿ ನೋಡಿ.

ಜರ್ಮನ್ ಧಾಟಿಗೆ ಕನ್ನಡ ಮಾತು ಕೂಡಿಸಿದ ಹಾಡುಗಳಲ್ಲಿ ಲಯದ ತೊಂದರೆ ಬೇರೆಯೇ ಇದೆ. ಆ ಧಾಟಿಗಳಲ್ಲಿ ಎಷ್ಟೋ ಹಾಡು ತಾಳದ ಪೆಟ್ಟಿಗಿಂತ ಮೊದಲೇ ಒಂದು ಅಕ್ಷರದಿಂದ ಎದ್ದುಕೊಳ್ಳುತ್ತವೆ. ಕನ್ನಡ ಮಾತಿಗೆ ಮೊದಲ ಅಕ್ಷರದ ಮೇಲೆಯೇ ಒತ್ತು. ಗಿಡ್ಡ ಅಕ್ಷರದ ಮೇಲೆ ಉದ್ದ ಸ್ವರ ಬಂದರೆ ಪ್ರಭು ಅನ್ನುವುದು ಪ್ರಭೂ ಆಗುತ್ತದೆ. ಮಿಶನರಿಗಳಲ್ಲೇ ಕೆಲವರು ಇದನ್ನು ಗಂಭೀರವಾಗಿ ತಗೊಂಡಿದ್ದರು. ನಿಘಂಟು ಮಾಡಿದ ಕಿಟೆಲ್ ಅವರು 1862ರಲ್ಲೇ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯದ ಕಟ್ಟಿನಲ್ಲಿ 'ಕಥಾಮಾಲೆ' ಅಂತ ಬರೆದರು. ಆಮೇಲೆ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನೇ ಸಂಪಾದಿಸಿದರು. ಕಿಟೆಲ್ ಅಂದರೆ ನಮ್ಮವರಿಗೆ ನಿಘಂಟು ಮಾತ್ರ ನೆನಪಾಗುತ್ತದೆ. ನನಗೆ ಅವರು ಹಾಡುವವರ ಕಷ್ಟ ತಿಳಿದ ಮನುಷ್ಯ ಅನ್ನಿಸುತ್ತದೆ.

ಹಳೇ ಹಾಡುಗಳನ್ನು ನಾವು ಬಿಡುವುದಿಲ್ಲ. ನಮ್ಮ ಅಜ್ಜ-ಅಜ್ಜಿಯರ ಪ್ರಾರ್ಥನೆ ಅವುಗಳಲ್ಲಿದೆ. ತಬಲಾದವರಿಗೆ ಮಾತ್ರ ಮುಂಚೆಯೇ ಹೇಳಿರುತ್ತೇನೆ, ಮೊದಲ ಅಕ್ಷರ ಬಿಟ್ಟು ಎರಡನೇದಕ್ಕೆ ಸಮ (ತಾಳದ ಮೊದಲ ಪೆಟ್ಟು) ಅಂತ. ಅಷ್ಟು ಹೇಳದಿದ್ದರೆ ಹಾಡಿನ ಪೆಟ್ಟು ಒಂದು ಕಡೆ, ತಬಲಾ ಜೋಡಿಯ ಡಗ್ಗಾದ ಪೆಟ್ಟು ಇನ್ನೊಂದು ಕಡೆ ಬೀಳುತ್ತದೆ. ಮೂರರ ನಡಿಗೆಯ ಧಾಟಿಗಳು 6 ಮಾತ್ರೆಯ ದಾದ್ರಾಕ್ಕೆ ಸಲೀಸಾಗಿ ಕೂಡುತ್ತವೆ. ನಾಲ್ಕರದಕ್ಕೆ 8 ಮಾತ್ರೆಯ ಕೆಹರವಾ ನಡೆಯುತ್ತದೆ. ಆದರೆ ಗಂಭೀರವಾದ ಹಳೇ ಹಾಡಿಗೆ ತಬಲಾ ಇಲ್ಲದಿದ್ದರೇ ಚೆಂದ. ಇದು ನನ್ನ ಅಭಿಪ್ರಾಯ, ನಮ್ಮ ತಬಲಾದವರದು ಬೇರೆ!

ಭಜನೆ ರೀತಿಯ ಹಾಡುಗಳ ಬಲವೇ ಬೇರೆ. ಒಬ್ಬರು ಒಂದು ಸಾಲು ಹೇಳುತ್ತಾರೆ, ಸಭೆ ಅದನ್ನೇ ತಿರುಗಿ ಹೇಳುತ್ತದೆ. ಪುಸ್ತಕ ಬೇಡ, ಓದು ಬರಬೇಕು ಅಂತಲೂ ಇಲ್ಲ. ಶ್ರಾವಣದಲ್ಲಿ ಓಣಿ ಓಣಿಯಲ್ಲಿ ಭಜನೆ ಕೇಳುವ ಊರು ನಮ್ಮದು. ತತ್ವಪದದ ಧಾಟಿ ಕಿವಿಗೆ ಬೀಳದೆ ಬೆಳೆದವರು ಇಲ್ಲಿ ಯಾರೂ ಇಲ್ಲ. ಹಾಗಾಗಿ ಹೊಸ ಹಾಡು ಕಲಿಸುವಾಗ ಭೂಪ್ ರಾಗದ್ದನ್ನು ಮೊದಲು ಆರಿಸುತ್ತೇನೆ. ಐದೇ ಸ್ವರ, ಜಾರುವ ಜಾಗ ಇಲ್ಲ, ಮಕ್ಕಳೂ ಎರಡನೇ ಸಲಕ್ಕೆ ಹಿಡಿಯುತ್ತಾರೆ. ಪಶ್ಚಾತ್ತಾಪದ ಹಾಡಿಗೆ, ಕರ್ತನ ಭೋಜನದ ಹೊತ್ತಿಗೆ ಭೈರವಿ ಇಟ್ಟರೆ ಜನ ತಾವಾಗಿಯೇ ದನಿ ಇಳಿಸಿ ಹಾಡುತ್ತಾರೆ. ಪ್ರಸಂಗ, ಅಂದರೆ ಉಪದೇಶ, ಏನಿದೆ ಅಂತ ಸಭಾಪಾಲಕರನ್ನು (ಪಾದ್ರಿಗಳನ್ನು) ಗುರುವಾರವೇ ಕೇಳಿಕೊಳ್ಳುತ್ತೇನೆ. ಓದುವ ಭಾಗಕ್ಕೂ ಹಾಡಿಗೂ ಸಂಬಂಧ ಇರಬೇಕು. ಆತ್ಮದಿಂದಲೂ ಹಾಡುತ್ತೇನೆ, ಬುದ್ಧಿಯಿಂದಲೂ ಹಾಡುತ್ತೇನೆ ಅಂತ ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದದ್ದು ನನಗೆ ಈ ವಿಷಯದಲ್ಲಿ ದಾರಿ ತೋರಿಸುವ ಮಾತು.

ಪೇಟಿ ನಮ್ಮದು, ಕೀಬೋರ್ಡ್ ಪರದೇಶದ್ದು ಅಂತ ಹಿರಿಯರು ಕೆಲವರು ವಾದ ಮಾಡುತ್ತಾರೆ. ಹಾರ್ಮೋನಿಯಂ 1842ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಆದ ವಾದ್ಯ. ಕಾಲಿನಿಂದ ಗಾಳಿ ಹಾಕುವ ಅದನ್ನು ನೆಲದ ಮೇಲೆ ಕೂತು ಕೈಯಿಂದ ಬಾರಿಸುವ ಹಾಗೆ ಮಾಡಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಆಕಾಶವಾಣಿಯಲ್ಲಿ 1940ರಿಂದ 1971ರ ತನಕ ಅದಕ್ಕೆ ಪ್ರವೇಶವೇ ಇರಲಿಲ್ಲ. ಇವತ್ತು ಅದಿಲ್ಲದ ಭಜನೆ ನಮ್ಮ ಕಡೆ ನೆನೆಸಿಕೊಳ್ಳೋಕೂ ಆಗಲ್ಲ. ಕಹಳೆ, ವೀಣೆ, ದಮ್ಮಡಿ, ತಂತಿವಾದ್ಯ, ಕೊಳಲು, ತಾಳ ಎಲ್ಲದಕ್ಕೂ 150ನೇ ಕೀರ್ತನೆಯಲ್ಲಿ ಜಾಗ ಇದೆ. ಕೀಬೋರ್ಡಿಗೆ ನನ್ನ ತಕರಾರು ಇಲ್ಲ. ಅದರೊಳಗಿನ ರೆಡಿಮೇಡ್ ರಿದಮ್‌ಗೆ ಇದೆ. ಅದು ಯಾರಿಗೂ ಕಾಯುವುದಿಲ್ಲ. ಅಜ್ಜ ಒಂದು ಸಾಲು ಎಳೆದರೆ ತಬಲಾದವರು ಕಾಯುತ್ತಾರೆ, ಮಶೀನು ಮುಂದೆ ಹೋಗಿಬಿಡುತ್ತದೆ. ಮೈಕ್ ವಿಷಯದಲ್ಲೂ ಅಷ್ಟೇ: ಸಭೆಯ ದನಿಗಿಂತ ಸ್ಪೀಕರ್ ಜೋರಾದ ದಿನ ಸಭೆ ಬಾಯಿ ಮುಚ್ಚುತ್ತದೆ.

ತಬಲಾಕ್ಕೆ ನಮ್ಮಲ್ಲಿ ಬರುವವರು ನಮ್ಮ ಸಭೆಯವರಲ್ಲ. ಹಬ್ಬದ ದಿನಗಳಲ್ಲಿ ಹುಬ್ಬಳ್ಳಿಯಿಂದ ಇನ್ನೊಬ್ಬರು ಬರುತ್ತಾರೆ, ಅವರು ಮುಸಲ್ಮಾನರು. ಬೇರೆ ಧರ್ಮದವರು ಆರಾಧನೆಯಲ್ಲಿ ಬಾರಿಸಬಹುದಾ ಅಂತ ಕೇಳಿದವರಿದ್ದಾರೆ. ಸಭಾಪಾಲಕರ ಒಪ್ಪಿಗೆ ಕೇಳಿದೆ, ಅವರು ಸಂತೋಷದಿಂದ ಕೊಟ್ಟರು. ನಾನು ಮಾಡುವುದು ಇಷ್ಟು: ಶನಿವಾರದ ತಾಲೀಮಿಗೆ ಅವರನ್ನೂ ಕರೆಯುತ್ತೇನೆ. ಪ್ರತಿ ಹಾಡಿನ ಅರ್ಥ ಹೇಳುತ್ತೇನೆ, ಎಲ್ಲಿ ಪ್ರಾರ್ಥನೆ ಬರುತ್ತದೆ, ಎಲ್ಲಿ ಕೈ ಸುಮ್ಮನಿರಬೇಕು ಅಂತ ತೋರಿಸುತ್ತೇನೆ. ಗೌರವಧನವನ್ನು ಅವತ್ತೇ ಲಕೋಟೆಯಲ್ಲಿ ಹಾಕಿ ಕೊಡುತ್ತೇವೆ. ದೇವರ ಕೆಲಸ ಅಂತ ಹೇಳಿ ಕಲಾವಿದರ ಬಸ್ ಖರ್ಚನ್ನೂ ಕೊಡದೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಅವರು ಡಗ್ಗಾದ ಮೇಲೆ ಕೈ ಇಡುವ ರೀತಿಯಲ್ಲೇ ಹಾಡಿನ ಅರ್ಥ ಗೊತ್ತಾಗಿದೆ ಅಂತ ತಿಳಿಯುತ್ತದೆ.

ಶುಭ ಶುಕ್ರವಾರ (ಗುಡ್ ಫ್ರೈಡೆ) ತಬಲಾ ಇರುವುದಿಲ್ಲ. ಮಧ್ಯಾಹ್ನ 12ರಿಂದ 3ರ ತನಕ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ. ಪೇಟಿ ಸಾ ತೋರಿಸುತ್ತದೆ, ಅಷ್ಟೇ. ಕ್ಯಾಥೊಲಿಕರಲ್ಲೂ ಪವಿತ್ರ ಗುರುವಾರದ ಮಹಿಮಾಗೀತೆಯಿಂದ ಈಸ್ಟರ್ ಜಾಗರಣೆಯ ತನಕ ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕು ಅನ್ನುವ ನಿಯಮ ಇದೆ. ಮಾತು ಮಾತಿನ ನಡುವೆ ಸುಮ್ಮನಿರುವುದನ್ನು ಗಾಯನ ಮಂಡಳಿಗೆ ಕಲಿಸುವುದೇ ಆ ವಾರದ ದೊಡ್ಡ ತಾಲೀಮು.

ಸಭೆಗೆ ಹಾಡು ನಿಜವಾಗಿ ಬಂದಿದೆಯಾ ಅಂತ ತಿಳಿಯುವುದು ಮಣ್ಣಿಗೆ ಹೋದಾಗ. ಸ್ಮಶಾನಕ್ಕೆ ಪೇಟಿ ಒಯ್ಯುವುದಿಲ್ಲ. ಬಿಸಿಲಿನಲ್ಲಿ ನಿಂತಿರುತ್ತೇವೆ, ಪುಸ್ತಕ ಕೆಲವರ ಕೈಯಲ್ಲಿ ಮಾತ್ರ. ನಾನು ಬಾಯಲ್ಲೇ ಸ್ವರ ಎತ್ತಿಕೊಡುತ್ತೇನೆ, ಯಾವಾಗಲಿಗಿಂತ ಕೆಳಗೆ. ಅಳುವ ಗಂಟಲು ಮೇಲೆ ಹೋಗುವುದಿಲ್ಲ. ಸತ್ತವರ ಮನೆಯವರು ಹಾಡಲಾರದೆ ನಿಂತಾಗ ಉಳಿದವರು ಅವರ ಪರವಾಗಿ ಹಾಡಬೇಕು. ಪುಸ್ತಕ ನೋಡದೆ ಮೂರು ಚರಣ ಬಂದರೆ ಆ ಹಾಡು ಸಭೆಯದು. ಇದಕ್ಕಾಗಿಯೇ ನಾನು ರವಿವಾರಗಳಲ್ಲಿ ಅದೇ ಹಾಡುಗಳನ್ನು ತಿರುಗಿ ತಿರುಗಿ ಹಾಡಿಸುವುದು. ತಿಂಗಳಿಗೆ ಒಂದಕ್ಕಿಂತ ಜಾಸ್ತಿ ಹೊಸ ಹಾಡು ತರುವುದಿಲ್ಲ. ಹರೆಯದವರಿಗೆ ಇದು ಬೇಸರ ಅನ್ನಿಸಬಹುದು. ಅವರನ್ನೂ ಮಣ್ಣಿಗೆ ಕರೆದುಕೊಂಡು ಹೋಗುತ್ತೇನೆ, ಆಮೇಲೆ ಯಾರೂ ಕೇಳಿಲ್ಲ.

ಈಗ ನಮ್ಮ ಗಾಯನ ಮಂಡಳಿ ಹಿಡಿದಿರುವ ಕೆಲಸ ಹಳೇ ಧಾಟಿಗಳನ್ನು ಬರೆದಿಡುವುದು. ನಮ್ಮ ಹಾಡಿನ ಪುಸ್ತಕದಲ್ಲಿ ಮಾತು ಮಾತ್ರ ಇದೆ, ಸ್ವರ ಇಲ್ಲ. ಕೆಲವು ಭಜನೆಗಳ ಧಾಟಿ ಈಗ ಬೆಟಗೇರಿಯ ಒಂದಿಬ್ಬರು ಹಿರಿಯರ ಬಾಯಲ್ಲಿ ಮಾತ್ರ ಉಳಿದಿದೆ. ಅವರ ಮನೆಗೆ ಹೋಗಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ನಾನು ಸರಿಗಮದಲ್ಲಿ ಬರೆಯುತ್ತೇನೆ, ಒಬ್ಬ ಹುಡುಗಿ ಅದನ್ನು ಪಾಶ್ಚಾತ್ಯ ಸ್ವರಲಿಪಿಗೆ ಇಳಿಸುತ್ತಾಳೆ. ಪ್ರತಿ ಹಾಡಿನ ಮೇಲೆ ಮೂರು ವಿಷಯ ಬರೆಯುತ್ತೇವೆ: ಅತಿ ಮೇಲಿನ ಸ್ವರ ಯಾವುದು, ಸಮ ಯಾವ ಅಕ್ಷರಕ್ಕೆ, ನಮ್ಮ ಸಭೆ ಯಾವ ಪಟ್ಟಿಯಲ್ಲಿ ಹಾಡಿತು. ನೀವೂ ನಿಮ್ಮೂರ ಹಿರಿಯರ ಹತ್ತಿರ ಇದನ್ನು ಶುರು ಮಾಡಿ. ಹಾಡಿಸುವಾಗ ಪೇಟಿ ಬಾರಿಸಬೇಡಿ. ಪೇಟಿಯಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ, ಹಾಡುವವರೂ ಪೇಟಿಯ ಸ್ವರಕ್ಕೆ ತಮ್ಮ ಧಾಟಿಯನ್ನು ನೆಟ್ಟಗೆ ಮಾಡಿಕೊಂಡುಬಿಡುತ್ತಾರೆ. ಮೊದಲು ಅವರ ದನಿಯಲ್ಲೇ ಪೂರ್ತಿ ರೆಕಾರ್ಡ್ ಆಗಲಿ, ಪಟ್ಟಿ ಯಾವುದು ಅಂತ ಆಮೇಲೆ ಹುಡುಕಿದರಾಯ್ತು.