ನಮ್ಮ ಬೆಂಕಿ ನಮ್ಮವರನ್ನೂ ಸುಟ್ಟರೆ: ನೈಟ್‌ಮೇರ್‌ನಲ್ಲಿ ನಾನು ಆಡುವ ರೀತಿ

‘ಡ್ರ್ಯಾಗನ್ ಏಜ್: ಆರಿಜಿನ್ಸ್’ 2009ರ ಗೇಮ್. ಈಗಲೂ ನಾನು ಅದನ್ನು ಆಡುವುದು ಅದರ ಅತಿ ಕಷ್ಟದ ಮಟ್ಟವಾದ ನೈಟ್‌ಮೇರ್‌ನಲ್ಲೇ. ಹಟಕ್ಕೇನಲ್ಲ, ಫ್ರೆಂಡ್ಲಿ ಫೈರ್ (ನಮ್ಮ ಏಟು ನಮ್ಮವರಿಗೂ ತಗಲುವುದು) ಅಲ್ಲಿ ಪೂರ್ತಿ ಇರುತ್ತದೆ, ಅದಕ್ಕೆ. ಈಸಿಯಲ್ಲಿ ನಮ್ಮ ಮಂತ್ರ ನಮ್ಮವರಿಗೆ ತಗಲುವುದೇ ಇಲ್ಲ, ನಾರ್ಮಲ್‌ನಲ್ಲಿ ಅರ್ಧ ಏಟು. ತಗಲುವುದಿಲ್ಲ ಅಂತಾದರೆ ಯಾರು ಎಲ್ಲಿ ನಿಂತಿದ್ದಾರೆ ಅಂತ ಯಾಕೆ ನೋಡಬೇಕು, ಅಲ್ವಾ?

ಶುರುವಿನಲ್ಲೇ ಟ್ಯಾಕ್ಟಿಕ್ಸ್ ಪಟ್ಟಿ, ಅಂದರೆ ಜೊತೆಗಾರರು ತಾವಾಗಿ ಏನು ಮಾಡಬೇಕು ಅನ್ನುವ ಪಟ್ಟಿ, ಸರಿ ಮಾಡಿಕೊಳ್ಳುತ್ತೇನೆ. ತಂಡದ ಮಂತ್ರಗಾತಿ ಮಾರಿಗನ್ ತಾನಾಗಿ ಹಾಕುವ ಮಂತ್ರಗಳಲ್ಲಿ ಒಬ್ಬನಿಗೇ ತಗಲುವಂಥವು ಮಾತ್ರ ಇರಬೇಕು. ಫೈರ್‌ಬಾಲ್, ಕೋನ್ ಆಫ್ ಕೋಲ್ಡ್, ಬ್ಲಿಝರ್ಡ್ ಥರ ಅಗಲಕ್ಕೆ ಹರಡುವುದೆಲ್ಲ ನನ್ನ ಕೈಯಲ್ಲಿ. ಗೇಮನ್ನು ಅಲ್ಲೇ ತಡೆದು (ಪಾಜ್), ಮಂತ್ರದ ವೃತ್ತ ಎಲ್ಲಿಯವರೆಗೆ ಬರುತ್ತದೆ ಅಂತ ನೋಡಿಯೇ ಎಸೆಯುತ್ತೇನೆ. ಬಾಗಿಲು ಸಿಕ್ಕರೆ ಇನ್ನೂ ಒಳ್ಳೆಯದು. ತಂಡದ ನಾಲ್ವರನ್ನೂ ಹೋಲ್ಡ್‌ನಲ್ಲಿ ನಿಲ್ಲಿಸಿ, ಮೊದಲ ಫೈರ್‌ಬಾಲ್ ಒಳಗೆ ಬಿದ್ದ ಮೇಲೇ ಕತ್ತಿ ಹಿಡಿದವರನ್ನು ಬಿಡುವುದು.

ನನಗೆ ಜಾಸ್ತಿ ಇಷ್ಟವಾದ ಉಪಾಯ ಫೋರ್ಸ್ ಫೀಲ್ಡ್. ಅದರೊಳಗಿರುವವನಿಗೆ ಏಟು ತಗಲುವುದಿಲ್ಲ, ಆದರೆ ಅವನು ಕದಲಲೂ ಆಗುವುದಿಲ್ಲ. ಎಲ್ಲರೂ ಅದನ್ನು ಶತ್ರುವಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ. ನಾನು ನಮ್ಮದೇ ಯೋಧ ಅಲಿಸ್ಟೇರ್ ಮೇಲೆ ಹಾಕುತ್ತೇನೆ. ಮೊದಲು ಅವನು ಟಾಂಟ್ ಮಾಡಬೇಕು, ಅಂದರೆ ಕೆಣಕಿ ಶತ್ರುಗಳನ್ನು ತನ್ನತ್ತ ಎಳೆಯಬೇಕು. ಶತ್ರುಗಳು ಅವನನ್ನು ಸುತ್ತಿಕೊಂಡ ಕೂಡಲೇ ಒಬ್ಬ ಮಂತ್ರಗಾರನಿಂದ ಫೋರ್ಸ್ ಫೀಲ್ಡ್, ಇನ್ನೊಬ್ಬರಿಂದ ಅವನ ತಲೆಯ ಮೇಲೇ ಬೆಂಕಿಯ ಮಂತ್ರ ಇನ್‌ಫರ್ನೊ. ಶತ್ರುಗಳು ಅವನನ್ನು ಬಡಿಯುತ್ತಲೇ ಬೇಯುತ್ತಾರೆ. ಫ್ರೆಂಡ್ಲಿ ಫೈರ್ ಇಲ್ಲದಿದ್ದರೆ ಇಂಥದ್ದೊಂದು ಯೋಚನೆ ನನಗೆ ಹೊಳೆಯುತ್ತಲೇ ಇರಲಿಲ್ಲ.

ಇದೇ ಧೈರ್ಯದಲ್ಲಿ 2011ರ ಎರಡನೇ ಭಾಗಕ್ಕೆ ಹೋದೆ. ಅಲ್ಲಿ ಫ್ರೆಂಡ್ಲಿ ಫೈರ್ ಇರುವುದು ನೈಟ್‌ಮೇರ್‌ನಲ್ಲಿ ಮಾತ್ರ, ಮತ್ತು ಲೆಕ್ಕವೇ ಬೇರೆ. ಶತ್ರುಗಳ ಹೆಲ್ತ್ ವಿಪರೀತ, ಅದಕ್ಕೆ ತಕ್ಕಂತೆ ನಮ್ಮವರ ಏಟಿನ ಅಂಕಿಯೂ ದೊಡ್ಡದು. ಆದರೆ ನಮ್ಮವರ ಹೆಲ್ತ್ ಆ ಮಟ್ಟಕ್ಕೆ ಏರಿಲ್ಲ. ನಮ್ಮ ತಂಡದ ಫೆನ್ರಿಸ್ ದೊಡ್ಡ ಕತ್ತಿ ಬೀಸಿದರೆ ಪಕ್ಕದಲ್ಲಿದ್ದ ನಮ್ಮದೇ ವಾರಿಕ್ ಮಲಗಿಬಿಡುತ್ತಾನೆ! ಮೇಲಾಗಿ ಶತ್ರುಗಳು ಅಲೆ ಅಲೆಯಾಗಿ ಬರುವುದರಿಂದ ಮುಂಚೆಯೇ ಜಾಗ ಹಿಡಿದು ನಿಂತರೂ ಉಪಯೋಗವಿಲ್ಲ. ಕೊನೆಗೆ ಫೆನ್ರಿಸ್‌ನನ್ನು ಬಿಟ್ಟು, ಕತ್ತಿ-ಗುರಾಣಿಯ ಅವೆಲಿನ್‌ಳನ್ನು ಮುಂದಿಟ್ಟೆ. ಗೆದ್ದೆ, ಆದರೆ ಮಜಾ ಬರಲಿಲ್ಲ. ಇದು ಕಷ್ಟದ ಆಟವಲ್ಲ, ತೂಕ ತಪ್ಪಿದ ಆಟ. ಮೂರನೇ ಭಾಗವಾದ, 2014ರ ‘ಇನ್‌ಕ್ವಿಸಿಶನ್’‌ನಲ್ಲಿ ಫ್ರೆಂಡ್ಲಿ ಫೈರ್ ಬೇಕಾದರೆ ಹಾಕಿಕೊಳ್ಳುವ ಬೇರೆಯೇ ಸ್ವಿಚ್ ಆಯಿತು. ಅದೊಂದು ಒಳ್ಳೆಯದಾಯಿತು.

ಈ ವಿಷಯದಲ್ಲಿ ನಾನು ಮೆಚ್ಚಿದ್ದು ಬೇರೆಯದೇ ಗೇಮ್, 2015ರ ‘ಪಿಲ್ಲರ್ಸ್ ಆಫ್ ಎಟರ್ನಿಟಿ’. ಅಲ್ಲಿ ಪಾತ್ರದ ಇಂಟೆಲೆಕ್ಟ್ ಎಂಬ ಗುಣದ ಅಂಕಿ ಹೆಚ್ಚಿದ್ದರೆ ಮಂತ್ರದ ವೃತ್ತ ಹಿಗ್ಗುತ್ತದೆ, ಹಾಗೆ ಹಿಗ್ಗಿದ ಹೊರಪಟ್ಟಿಯಲ್ಲಿ ಏಟು ಶತ್ರುಗಳಿಗೆ ಮಾತ್ರ. ಅದಕ್ಕೇ ನನ್ನ ಮಂತ್ರಗಾರನಿಗೆ ಇಂಟೆಲೆಕ್ಟ್ ಧಾರಾಳವಾಗಿ ಕೊಟ್ಟು, ತಂಡದ ಯೋಧ ಎಡರ್‌ನನ್ನು ಆ ಹೊರಪಟ್ಟಿಯೊಳಗೇ ನಿಲ್ಲಿಸಿ ಹೊಡೆದಾಡಿಸುತ್ತೇನೆ. ಎರಡು ಹೆಜ್ಜೆ ಒಳಗೆ ಹೋದರೆ ಮಾತ್ರ ಅವನೂ ಸುಡುತ್ತಾನೆ.