ಅಂಕ ಹಾಕಿದ ಮೇಲೆ ಏನು? ಪ್ರೊಬೇಷನ್ ಮೇಲ್ವಿಚಾರಣೆಯಲ್ಲಿ ಅಪಾಯದ ಅಂದಾಜು

ಪ್ರೊಬೇಷನ್ ಎಂದರೆ ಅಪರಾಧಿಯನ್ನು ಜೈಲಿಗೆ ಹಾಕದೆ, ಅಧಿಕಾರಿಯ ನಿಗಾದಲ್ಲಿ ಹೊರಗೇ ಇರಿಸುವುದು. ಅವನು ಮತ್ತೆ ಅಪರಾಧ ಮಾಡುವ ಅಪಾಯ ಅಳೆಯುವ ಫಾರಂ ತುಂಬಿ ಕಡತಕ್ಕೆ ಸೇರಿಸಿ, ಮೊದಲಿನಂತೆ ತಿಂಗಳಿಗೊಮ್ಮೆ ಕರೆಸಿ ಸಹಿ ಹಾಕಿಸಿಕೊಂಡರೆ ಪಟ್ಟ ಶ್ರಮವೆಲ್ಲ ದಂಡ. ಎಷ್ಟು ಸಲ ಭೇಟಿಯಾಗಬೇಕು ಎಂಬುದಕ್ಕೆ ಒಟ್ಟು ಅಂಕ ನೋಡಿ: ಅದು ಹೆಚ್ಚಿದಷ್ಟೂ ಅಪಾಯ ಹೆಚ್ಚು. ಭೇಟಿಯಲ್ಲಿ ಏನು ಮಾತಾಡಬೇಕು ಎಂಬುದಕ್ಕೆ ವಿಭಾಗವಾರು ಅಂಕ ನೋಡಿ.

ಇಂಥ ಫಾರಂಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಎಲ್‌ಎಸ್‌ಐ-ಆರ್‌ನಲ್ಲಿ 10 ವಿಭಾಗ, 54 ಅಂಶಗಳಿವೆ. ತೀರ್ಪು, ಪೊಲೀಸ್ ದಾಖಲೆ ಓದಿಕೊಂಡೇ ಸಂದರ್ಶನಕ್ಕೆ ಕೂರಿ. ಅಂಶಗಳನ್ನು ಒಂದೊಂದಾಗಿ ಓದಿ ಹೇಳಿದರೆ ಹೌದು, ಇಲ್ಲ ಬಿಟ್ಟು ಬೇರೇನೂ ಸಿಗದು. ಅದರ ಬದಲು, "ಕಳೆದ ಶನಿವಾರ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದಿರಿ?" ಎಂದು ಕೇಳಿ. ಸಹವಾಸ, ಕುಡಿತ, ಬಿಡುವಿನ ವೇಳೆ, ಮನೆಯ ಜಗಳ ಎಲ್ಲ ಒಂದೇ ಉತ್ತರದಲ್ಲಿ ಇಣುಕುತ್ತವೆ.

ಎಡವುವುದು ಅಂಕ ಹಾಕುವಾಗ. ಕೆಲವು ಅಂಶಗಳಿಗೆ 0ರಿಂದ 3ರವರೆಗೆ ಶ್ರೇಣಿ ಇದೆ. ಇಲ್ಲಿ 3 ಎಂದರೆ ಚೆನ್ನಾಗಿದೆ, 0 ಎಂದರೆ ತೀರಾ ಕೆಟ್ಟಿದೆ. 0 ಅಥವಾ 1 ಬಂದರೆ ಅಪಾಯದ ಒಟ್ಟು ಅಂಕಕ್ಕೆ ಒಂದು ಸೇರುತ್ತದೆ. ಅವಸರದಲ್ಲಿ ಇದನ್ನು ತಿರುವುಮುರುವು ಮಾಡುವವರು ಬಹಳ. ಮಾಹಿತಿ ಸಿಗದ ಅಂಶಕ್ಕೆ "ಇಲ್ಲ" ಎಂದು ಬರೆಯಬೇಡಿ, ಬಿಟ್ಟಿದೆ ಎಂದೇ ಗುರುತಿಸಿ. ಇಲ್ಲವಾದರೆ ಗೊತ್ತಿಲ್ಲದಷ್ಟಕ್ಕೂ ಅಪಾಯ ಕಡಿಮೆ ಎಂದಾಗುತ್ತದೆ.

ಹಳೆಯ ಅಪರಾಧಗಳ ಅಂಕವನ್ನು ಯಾರೂ ಇಳಿಸಲಾರರು. ಬದಲಾಗಬಲ್ಲ ವಿಭಾಗಗಳಲ್ಲಿ ಎರಡು ಮೂರನ್ನು ಮಾತ್ರ ಆರಿಸಿ ಯೋಜನೆ ಬರೆಯಿರಿ. "ಕೆಟ್ಟ ಸಹವಾಸ ಬಿಡಬೇಕು" ಎಂಬುದು ಯೋಜನೆಯಲ್ಲ. ಸಂಬಳದ ದಿನ ಸಂಜೆ ಹಳೆಯ ಗೆಳೆಯರು ಕರೆದರೆ ಏನು ಹೇಳಬೇಕು ಎಂದು ಭೇಟಿಯಲ್ಲೇ ಆಡಿಸಿ ನೋಡುವುದು ಯೋಜನೆ. ಆದರೆ ಇವತ್ತು ರಾತ್ರಿ ಮಲಗಲು ಜಾಗವಿಲ್ಲದವನಿಗೆ ಮೊದಲು ಜಾಗ ಹುಡುಕಿಕೊಡಿ.

ಕಡಿಮೆ ಅಂಕದವರನ್ನು ಪದೇ ಪದೇ ಕರೆಸಬೇಡಿ. ಕೆಲಸಕ್ಕೆ ರಜೆ ಬಿದ್ದು, ಹೆಚ್ಚು ಅಪಾಯದವರ ಜತೆ ಕೂತು, ಅವರ ಸ್ಥಿತಿ ಹದಗೆಡುವುದೇ ಹೆಚ್ಚು.

ಸಂಗಾತಿಯ ಮೇಲಿನ ಹಿಂಸೆಯ ಪ್ರಕರಣಕ್ಕೆ ಈ ಸಾಮಾನ್ಯ ಫಾರಂ ಒಂದೇ ಸಾಲದು, ಅಂಥ ಹಿಂಸೆಯ ಅಪಾಯವನ್ನೇ ಅಳೆಯುವ ಸಾರಾದಂಥ (SARA) ಪ್ರತ್ಯೇಕ ಸಾಧನ ಬೇಕು. ಲೈಂಗಿಕ ಅಪರಾಧಕ್ಕೆ ಸ್ಟ್ಯಾಟಿಕ್-99ಆರ್ ಎಂಬ ಸಾಧನವಿದೆ. ಅಂಕ ತೋರಿಸಿದ ಅಪಾಯದ ಹಂತವನ್ನು ನಿಮ್ಮ ವಿವೇಚನೆಯಿಂದ ಬದಲಿಸುವುದಾದರೆ ಕಾರಣ ಬರೆದು ಮೇಲಧಿಕಾರಿಯ ಒಪ್ಪಿಗೆ ಪಡೆಯಿರಿ. "ಯಾಕೋ ಅನುಮಾನ" ಎಂಬುದು ಕಾರಣವಲ್ಲ.

ಮರುಅಂದಾಜು ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ. ಕೆಲಸ ಹೋದರೆ, ಸಂಸಾರ ಮುರಿದರೆ, ಮತ್ತೆ ಬಂಧನವಾದರೆ ತಕ್ಷಣ. ಆಗ ಹಳೆಯ ಫಾರಂ ಪಕ್ಕದಲ್ಲಿಟ್ಟು ನಕಲು ಮಾಡಬೇಡಿ: ಹೊಸದಾಗಿ ಅಂಕ ಹಾಕಿ, ಆಮೇಲೆ ಹೋಲಿಸಿ.